ಡಾಲರ್ ಚಿಹ್ನೆ ಎಲ್ಲಿ ಹಾಕಬೇಕು ಅಂತ ನಾನು ತೀರ್ಮಾನಿಸುವ ರೀತಿ

ಸ್ಪ್ರೆಡ್‌ಶೀಟ್‌ನಲ್ಲಿ ಫಾರ್ಮುಲಾ ಬರೆಯುವ ಮುಂಚೆ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದನ್ನು ಯಾವ ಕಡೆಗೆ ಎಳೆದು ಕಾಪಿ ಮಾಡಬೇಕು? ಕೆಳಗೋ, ಬಲಕ್ಕೋ, ಎರಡೂ ಕಡೆಗೋ? ಒಂದೇ ಸೆಲ್‌ನಲ್ಲಿ ಕೂರುವ ಫಾರ್ಮುಲಾಗೆ ಡಾಲರ್ ಚಿಹ್ನೆ ಹಾಕಿದರೂ ಉತ್ತರ ಅದೇ, ಬಿಟ್ಟರೂ ಅದೇ. ಕಾಪಿ ಮಾಡುವಾಗ ಮಾತ್ರ ಅದಕ್ಕೆ ಕೆಲಸ: ತನ್ನ ನಂತರ ಬರುವ ಕಾಲಮ್ ಅಕ್ಷರ ಅಥವಾ ಸಾಲಿನ ಸಂಖ್ಯೆ ಬದಲಾಗದಂತೆ ಬೀಗ ಹಾಕುವುದು.

ಸಿ2ರಲ್ಲಿ =ಬಿ2*2 ಅಂತ ಬರೆದರೆ ಶೀಟ್ ಅದನ್ನು 'ನನ್ನ ಎಡಗಡೆಯ ಸೆಲ್' ಅಂತ ತಿಳಿದುಕೊಳ್ಳುತ್ತದೆ. ಅದಕ್ಕೇ ಕೆಳಗೆ ಎಳೆದಾಗ ಬಿ3, ಬಿ4 ಅಂತ ತಾನಾಗಿ ಬದಲಾಗುತ್ತದೆ. ಇದು ರಿಲೇಟಿವ್. ತೆರಿಗೆ ದರ ಎಚ್1ರಲ್ಲಿ ಮಾತ್ರ ಇದೆ ಅನ್ನಿ. ಅದು ಜಾರಬಾರದು ಅಲ್ವಾ? ಆಗ =ಬಿ2*$ಎಚ್$1, ಅಂದರೆ ಅಬ್ಸಲ್ಯೂಟ್. ಇಷ್ಟು ಎಲ್ಲರಿಗೂ ಬೇಗ ಹಿಡಿತಕ್ಕೆ ಸಿಗುತ್ತದೆ.

ನನಗೆ ಜಾಸ್ತಿ ಉಪಯೋಗಕ್ಕೆ ಬರುವುದು ಅರ್ಧಕ್ಕೆ ಮಾತ್ರ ಬೀಗ ಹಾಕುವ ಮಿಕ್ಸ್ಡ್ ರೆಫರೆನ್ಸ್ (ರೆಫರೆನ್ಸ್ ಅಂದರೆ ಫಾರ್ಮುಲಾದಲ್ಲಿ ಬರೆದ ಸೆಲ್ ವಿಳಾಸ). ಎ ಕಾಲಮ್‌ನಲ್ಲಿ ಮೊತ್ತಗಳಿವೆ, 1ನೇ ಸಾಲಿನಲ್ಲಿ ರಿಯಾಯಿತಿ ದರಗಳಿವೆ. ಬಿ2ರಲ್ಲಿ =$ಎ2*ಬಿ$1 ಬರೆದು ಮೊದಲು ಕೆಳಕ್ಕೆ, ಆಮೇಲೆ ಬಲಕ್ಕೆ ಎಳೆಯುತ್ತೇನೆ. ಎಲ್ಲಿಗೇ ಹೋದರೂ ಮೊತ್ತ ಎ ಕಾಲಮ್‌ನಿಂದಲೇ ಬರುತ್ತದೆ, ದರ 1ನೇ ಸಾಲಿನಿಂದಲೇ. ಇಡೀ ಟೇಬಲ್‌ಗೆ ಒಂದೇ ಫಾರ್ಮುಲಾ! ಆಮೇಲೆ ಕೊನೆಯ ಮೂಲೆಯ ಸೆಲ್‌ಗೆ ಹೋಗಿ ಎಫ್2 ಕೀ ಒತ್ತಿ ಅಲ್ಲಿನ ಫಾರ್ಮುಲಾ ನೋಡುತ್ತೇನೆ. ಡಿ5ರಲ್ಲಿ =$ಎ5*ಡಿ$1 ಕಂಡರೆ ನೆಮ್ಮದಿ.

ಡಾಲರ್ ಚಿಹ್ನೆಯನ್ನು ಕೈಯಾರೆ ಟೈಪ್ ಮಾಡುವುದು ಸುಮ್ನೆ ಶ್ರಮ. ಎಕ್ಸೆಲ್‌ನಲ್ಲಿ ಕರ್ಸರ್ ರೆಫರೆನ್ಸ್ ಮೇಲಿದ್ದಾಗ ಎಫ್4 ಕೀ ಒತ್ತುತ್ತಾ ಹೋದರೆ $ಎ$1, ಎ$1, $ಎ1, ಮತ್ತೆ ಎ1 ಅಂತ ಸುತ್ತುತ್ತದೆ.

ದಿನದಿನದ ಮೊತ್ತ ಕೂಡುತ್ತಾ ಹೋಗಬೇಕಾದಾಗ =ಸಮ್(ಬಿ$2:ಬಿ2) ಬರೆಯುತ್ತೇನೆ. ಶುರು ಅಲ್ಲೇ ನಿಲ್ಲುತ್ತದೆ, ತುದಿ ಮಾತ್ರ ಇಳಿಯುತ್ತದೆ. 9ನೇ ಸಾಲಿಗೆ ಬಂದಾಗ ಅದು =ಸಮ್(ಬಿ$2:ಬಿ9) ಆಗಿರುತ್ತದೆ. ವಿಲುಕಪ್‌ನಲ್ಲಿ (ಟೇಬಲ್‌ನಲ್ಲಿ ಒಂದು ಮೌಲ್ಯ ಹುಡುಕಿ ಅದೇ ಸಾಲಿನ ಇನ್ನೊಂದು ಮೌಲ್ಯ ತರುವ ಫಂಕ್ಷನ್) ಹುಡುಕುವ ಟೇಬಲ್‌ಗಂತೂ ಪೂರ್ತಿ ಬೀಗ ಬೇಕೇ ಬೇಕು. ಇಲ್ಲದಿದ್ದರೆ ಎಳೆದಂತೆಲ್ಲ ಟೇಬಲ್‌ನ ಮೇಲಿನ ಸಾಲುಗಳು ಒಂದೊಂದಾಗಿ ಹೊರಗುಳಿಯುತ್ತವೆ. ಮೊದಲ ಕೆಲವು ಉತ್ತರ ಸರಿಯಾಗೇ ಬರುವುದರಿಂದ ಇದು ಬೇಗ ಕಣ್ಣಿಗೆ ಬೀಳುವುದಿಲ್ಲ.

ಡಾಲರ್ ಹಾಕಿದರೆ ಆ ವಿಳಾಸ ಯಾವತ್ತೂ ಬದಲಾಗಲ್ಲ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಮೇಲೆ ಹೊಸ ಸಾಲು ಸೇರಿಸಿದರೆ $ಎಚ್$1 ತಾನಾಗಿ $ಎಚ್$2 ಆಗುತ್ತದೆ. ದರವೂ ಅಲ್ಲಿಗೇ ಇಳಿದಿರುತ್ತದೆ, ಹಾಗಾಗಿ ಲೆಕ್ಕ ಕೆಡುವುದಿಲ್ಲ. ಇನ್ನು ಶೀಟ್ ಬೇರೆಯವರ ಕೈಗೆ ಹೋಗುವುದಿದ್ದರೆ ನೇಮ್ ಬಾಕ್ಸ್‌ನಲ್ಲಿ (ಫಾರ್ಮುಲಾ ಬಾರ್‌ನ ಎಡಗಡೆ ಸೆಲ್ ವಿಳಾಸ ಕಾಣುವ ಚೌಕ) ಆ ದರದ ಸೆಲ್‌ಗೆ 'ದರ' ಅಂತ ಹೆಸರು ಕೊಟ್ಟುಬಿಡುತ್ತೇನೆ. ಹಾಗೆ ಕೊಟ್ಟ ಹೆಸರು ತಾನಾಗಿ ಅಬ್ಸಲ್ಯೂಟ್ ಆಗಿರುತ್ತದೆ. =ಬಿ2*ದರ ಅಂತ ಕಂಡರೆ ಓದುವವರು ಎಚ್ ಕಾಲಮ್ ಹುಡುಕಿಕೊಂಡು ಹೋಗಬೇಕಾಗಿಲ್ಲ.