ಮ್ಯೂಸಿಕ್ ವಿಡಿಯೊ: ನೋಡುಗರ ಮಾತು ಕೇಳಿ ತಿದ್ದುವ ಬಗೆ

ಕಾಲೇಜಿನ ಪ್ರಾಜೆಕ್ಟ್‌ಗಾಗಿ ಮೂರು–ನಾಲ್ಕು ನಿಮಿಷಗಳ ಮ್ಯೂಸಿಕ್ ವಿಡಿಯೊ ಮಾಡುವ ವಿದ್ಯಾರ್ಥಿಗಳು ಚಿತ್ರೀಕರಣಕ್ಕೆ ಕೊಡುವ ಕಾಳಜಿಯನ್ನು ನೋಡುಗರ ಪ್ರತಿಕ್ರಿಯೆ ಪಡೆಯುವುದಕ್ಕೆ ಕೊಡುವುದು ಅಪರೂಪ. ಸಲ್ಲಿಕೆಯ ಹಿಂದಿನ ದಿನ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಹಂಚಿ, ಬಂದ ‘ಸೂಪರ್’ಗಳನ್ನು ವರದಿಗೆ ಅಂಟಿಸಿದರೆ ಕಲಿತದ್ದೇನೂ ಇರುವುದಿಲ್ಲ. ಪ್ರತಿಕ್ರಿಯೆ ಕೆಲಸಕ್ಕೆ ಬರಬೇಕಾದರೆ ತಿದ್ದಲು ಇನ್ನೂ ಅವಕಾಶ ಇರುವಾಗಲೇ, ಅಂದರೆ ಬಣ್ಣ ಹೊಂದಿಸುವ ಕೆಲಸ ಆರಂಭವಾಗುವ ಮೊದಲೇ, ಕರಡು ಸಂಕಲನವನ್ನು ಜನರ ಮುಂದಿಡಬೇಕು.

ಮೊದಲು ನೋಡುಗರನ್ನು ಆರಿಸಿಕೊಳ್ಳಿ. ತಂಡದ ಗೆಳೆಯರಿಗೆ ನೀವು ಪಟ್ಟ ಶ್ರಮ ಗೊತ್ತಿರುವುದರಿಂದ ಅವರು ವಿಡಿಯೊವನ್ನಲ್ಲ, ನಿಮ್ಮ ಶ್ರಮವನ್ನು ನೋಡುತ್ತಾರೆ. ಹಾಡನ್ನು ಕೇಳಿರದವರು, ಚಿತ್ರೀಕರಣದ ಸ್ಥಳವನ್ನು ಬಲ್ಲವರು, ಎರಡೂ ಗೊತ್ತಿಲ್ಲದವರು ಹೀಗೆ ಬೇರೆ ಬೇರೆ ಬಗೆಯವರು ಇರಲಿ. ಒಟ್ಟು ಎಂಟು–ಹತ್ತು ಮಂದಿ ಸಾಕು.

ತೋರಿಸುವಾಗ ಪೀಠಿಕೆ ಹಾಕಬೇಡಿ. ‘ಇಲ್ಲಿ ನಾಯಕಿ ಹಳೆಯದನ್ನು ನೆನೆಯುತ್ತಿದ್ದಾಳೆ’ ಎಂದು ನೀವೇ ಹೇಳಿಬಿಟ್ಟರೆ, ಅದು ತೆರೆಯ ಮೇಲೆ ತಾನಾಗಿ ಕಾಣುತ್ತದೆಯೇ ಎಂಬುದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ನೋಡುಗರ ಮುಖ ಕಾಣುವಂತೆ ಒಂದು ಬದಿಗೆ ಕುಳಿತು, ಯಾರ ಕಣ್ಣು ಯಾವ ಸೆಕೆಂಡಿಗೆ ತೆರೆಯಿಂದ ಸರಿಯಿತು ಎಂಬುದನ್ನು ಗುರುತು ಹಾಕಿಕೊಳ್ಳಿ. ಒಮ್ಮೆ ಪ್ರೊಜೆಕ್ಟರ್‌ನಲ್ಲಿ, ಇನ್ನೊಮ್ಮೆ ಮೊಬೈಲ್‌ನಲ್ಲಿ ತೋರಿಸುವುದು ಅಗತ್ಯ. ಮೊಬೈಲ್‌ನ ಸಣ್ಣ ಸ್ಪೀಕರ್ ತಗ್ಗಿನ ನಾದವನ್ನು ಸರಿಯಾಗಿ ಹೊರಡಿಸದ ಕಾರಣ ಸ್ಟುಡಿಯೊದಲ್ಲಿ ಎದೆ ನಡುಗಿಸಿದ ಡೊಳ್ಳು ಅಲ್ಲಿ ಕೇಳಿಸದೆಯೇ ಹೋಗಬಹುದು.

ಇನ್ನು ಪ್ರಶ್ನೆಗಳು. ‘ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬ ಸೌಜನ್ಯವಷ್ಟೇ ಬರುತ್ತದೆ. ಅದರ ಬದಲು ‘ಏನು ನಡೆಯಿತು, ನಿಮ್ಮ ಮಾತಿನಲ್ಲಿ ಹೇಳಿ’, ‘ಈಗಲೂ ಕಣ್ಣಿಗೆ ಕಟ್ಟಿರುವ ದೃಶ್ಯ ಯಾವುದು’, ‘ಎಲ್ಲಿ ಗೊಂದಲವಾಯಿತು’ ಎಂದು ಕೇಳಿ. ಉತ್ತರಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ನಡುವೆ ಸಮರ್ಥನೆಗೆ ಇಳಿಯದಿರುವುದು ಕಷ್ಟವಾದರೂ ಅದನ್ನು ಅಭ್ಯಾಸ ಮಾಡಿಕೊಳ್ಳಲೇಬೇಕು.

ನಿಜವಾದ ಕೆಲಸವಿರುವುದು ಈ ಉತ್ತರಗಳನ್ನು ಓದುವುದರಲ್ಲಿ. ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ತೆಗೆದ ಪ್ರೇಮಗೀತೆಯೊಂದರ ಪಲ್ಲವಿಯಲ್ಲಿ ಗಿಡದ ತುಂಬ ಬಿಳಿ ಹೂವಿದ್ದು, ಅದೇ ದಿನದ ಸಂಜೆಯೆಂಬಂತೆ ಬರುವ ಚರಣದಲ್ಲಿ ಹೆಂಗಸರು ಕೆಂಪು ಹಣ್ಣು ಬಿಡಿಸುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಅರಸೀಕೆರೆಯಿಂದ ಬಂದ ಹಾಸ್ಟೆಲ್ ಗೆಳೆಯನಿಗೆ ಎರಡೂ ಸುಂದರವಾಗಿಯೇ ಕಾಣುತ್ತವೆ. ತೋಟದ ಮನೆಯವರಿಗೆ ಹಾಗಲ್ಲ: ಅರೇಬಿಕಾ ಹಣ್ಣಿನ ಕೊಯ್ಲು ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯವರೆಗೆ, ಹೂ ಅರಳುವುದು ಬೇಸಿಗೆಯ ಆರಂಭದಲ್ಲಿ ಮೊಗ್ಗರಳಿಸುವ ಮಳೆ, ಅಂದರೆ ಹೂಮಳೆ, ಬಿದ್ದು ಒಂದು ವಾರ, ಹತ್ತು ದಿನಗಳಾದ ಮೇಲೆ ಎಂಬುದನ್ನು ಬಲ್ಲ ಅವರು ಆ ಕ್ಷಣವೇ ಕಥೆಯಿಂದ ಹೊರಬಂದು, ‘ಹಣ್ಣಿನ ದೃಶ್ಯ ತೆಗೆದುಹಾಕಿ’ ಎನ್ನುತ್ತಾರೆ. ಅವರಿಗಾದ ಕಿರಿಕಿರಿ ಸತ್ಯ. ಆದರೆ ಅವರು ಸೂಚಿಸಿದ ಪರಿಹಾರವೇ ಸರಿಯಾಗಿರಬೇಕೆಂದಿಲ್ಲ. ಹಾಡು ತಿಂಗಳುಗಟ್ಟಲೆಯ ಕಾಯುವಿಕೆಯನ್ನು ಹೇಳುವುದಾದರೆ ಹೂವೂ ಬೇಕು, ಹಣ್ಣೂ ಬೇಕು. ಅವೆರಡರ ನಡುವೆ ಮುಂಗಾರಿನ ಒಂದೆರಡು ಶಾಟ್ ಸೇರಿಸಿದರೆ ಕಾಲ ಸರಿದದ್ದು ಎಲ್ಲರಿಗೂ ತಿಳಿಯುತ್ತದೆ. ಎಲ್ಲಿ ತಪ್ಪಿದೆ ಎಂಬುದನ್ನು ನೋಡುಗರಿಂದ ಕಲಿಯಬೇಕು, ಹೇಗೆ ಸರಿಪಡಿಸುವುದೆಂಬುದನ್ನು ಸಂಕಲನದ ಮೇಜಿನಲ್ಲಿ ಕುಳಿತವರೇ ನಿರ್ಧರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದೇ ದೃಶ್ಯಕ್ಕೆ ಇಷ್ಟು ಭಿನ್ನವಾದ ಉತ್ತರಗಳು ಬಂದಾಗ ಧೃತಿಗೆಡಬೇಕಿಲ್ಲ. ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿಯೇ ಟೆಲಿವಿಷನ್ ಕುರಿತು ಬರೆಯುತ್ತ, ತಯಾರಕರು ಇಟ್ಟ ಅರ್ಥವನ್ನು ನೋಡುಗರು ಪೂರ್ತಿ ಒಪ್ಪಬಹುದು, ತಮ್ಮ ಅನುಭವಕ್ಕೆ ತಕ್ಕಂತೆ ಭಾಗಶಃ ಒಪ್ಪಬಹುದು ಅಥವಾ ಅದಕ್ಕೆ ವಿರುದ್ಧವಾಗಿ ಅರ್ಥೈಸಬಹುದು ಎಂದು ವಿವರಿಸಿದ್ದರು. ಬಂದ ಉತ್ತರಗಳನ್ನು ಈ ಮೂರು ಗುಂಪುಗಳಲ್ಲಿ ಇಟ್ಟು ನೋಡಿದರೆ, ಯಾವುದು ಅಭಿರುಚಿಯ ವ್ಯತ್ಯಾಸ, ಯಾವುದು ನಿಮ್ಮ ಹೇಳಿಕೆಯ ಅಸ್ಪಷ್ಟತೆ ಎಂಬುದು ಬೇರ್ಪಡುತ್ತದೆ.

ತಾಂತ್ರಿಕ ದೂರುಗಳಿಗೆ ಇಷ್ಟು ಚರ್ಚೆ ಬೇಡ. ‘ತುಟಿ ಕೂಡುತ್ತಿಲ್ಲ’, ಅಂದರೆ ತುಟಿಯ ಚಲನೆ ಹಾಡಿನ ದನಿಗೆ ಹೊಂದುತ್ತಿಲ್ಲ, ಎಂದು ಒಬ್ಬರು ಹೇಳಿದರೂ ಪರಿಶೀಲಿಸಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ, ದನಿಯು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂದಾದರೆ ಅಥವಾ 125 ಮಿಲಿಸೆಕೆಂಡು ಹಿಂದಾದರೆ ನೋಡುಗರಿಗೆ ಅದು ಗೊತ್ತಾಗತೊಡಗುತ್ತದೆ. ಸೆಕೆಂಡಿಗೆ 25 ಫ್ರೇಮ್‌ಗಳ ವಿಡಿಯೊದಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡಾದ್ದರಿಂದ ದನಿ ಎರಡು ಫ್ರೇಮ್ ಮುಂದೋಡಿದರೂ ಸಾಕು. ಬ್ಲೂಟೂತ್ ಹೆಡ್‌ಫೋನ್ ತಾನೇ ದನಿಯನ್ನು ತಡಮಾಡಬಲ್ಲದು. ಹಾಗಾಗಿ ಈ ಪರೀಕ್ಷೆಗೆ ತಂತಿಯ ಹೆಡ್‌ಫೋನ್ ಬಳಸಿ.

ವರದಿಯಲ್ಲಿ ನೋಡುಗರ ಮಾತು, ಅದರಿಂದ ನೀವು ಗ್ರಹಿಸಿದ್ದು, ಬದಲಿಸಿದ ಶಾಟ್‌ನ ಸಮಯ ಇಷ್ಟನ್ನೂ ದಾಖಲಿಸಿ. ಒಪ್ಪದ ಸಲಹೆಗಳಿಗೆ ಕಾರಣವನ್ನೂ ಕೊಡಿ. ಆ ಮೇಲೆ ತಿದ್ದಿದ ಪ್ರತಿಯನ್ನು ಮತ್ತೆ ತೋರಿಸಿ, ಆದರೆ ಈ ಬಾರಿ ಹೊಸಬರಿಗೆ: ಮೊದಲ ಗುಂಪಿನವರಿಗೆ ಕಥೆ ಆಗಲೇ ತಿಳಿದಿರುವುದರಿಂದ, ಗೊಂದಲ ನಿಜವಾಗಿ ಹೋಗಿದೆಯೇ ಎಂಬುದನ್ನು ಅವರಿಂದ ಅರಿಯಲು ಸಾಧ್ಯವಿಲ್ಲ.