ಹಳೇ ಟಬ್‌ಗೆ ಹೊಸ ಮೈ: ಕೆಲಸ ಯಾರ ಕೈಗೆ ಕೊಡಬೇಕು?

ಸ್ನಾನದ ಹಳೇ ಟಬ್‌ಗೆ ಹೊಸ ಕೋಟಿಂಗ್, ಅಂದರೆ ಹೊಸ ಬಣ್ಣದ ಪದರ, ಹಾಕಿದ ದಿನ ಯಾರ ಕೆಲಸವಾದರೂ ಫಳಫಳ ಹೊಳೆಯುತ್ತದೆ. ಇಪ್ಪತ್ತು ವರ್ಷ ಕೆಲಸ ಮಾಡಿದವನು ಮಾಡಿದ್ದೂ ಹೊಳೆಯುತ್ತದೆ, ನಿನ್ನೆ ಸ್ಪ್ರೇ ಗನ್ ಹಿಡಿದವನು ಮಾಡಿದ್ದೂ ಹೊಳೆಯುತ್ತದೆ. ವ್ಯತ್ಯಾಸ ಗೊತ್ತಾಗುವುದು ಆರೇಳು ತಿಂಗಳಾದ ಮೇಲೆ.

ನನಗೂ ಹಾಗೇ ಗೊತ್ತಾಗಿದ್ದು. ಮೊದಲ ಸಲ ಬಂದವನು ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿ ಊಟದ ಹೊತ್ತಿಗೆಲ್ಲ ಮುಗಿಸಿ ಹೊರಟ, ಎಷ್ಟು ಚುರುಕಪ್ಪಾ ಅಂತ ನಾನೂ ಖುಷಿಪಟ್ಟೆ. ಎಂಟನೇ ತಿಂಗಳಲ್ಲಿ ನೀರು ಹೋಗುವ ತೂತಿನ ಪಕ್ಕ ಒಂದು ಸಣ್ಣ ಗುಳ್ಳೆ ಎದ್ದಿತು. ಸುಮ್ನೆ ಉಗುರು ತಾಗಿಸಿದೆ ಅಷ್ಟೇ, ಹಾವಿನ ಪೊರೆ ಕಳಚಿದ ಹಾಗೆ ಅಂಗೈ ಅಗಲದ ತುಂಡು ಎದ್ದು ಬಂತು. ಕೆಳಗಿದ್ದ ಹಳೇ ಮೈ ಇನ್ನೂ ನುಣ್ಣಗೆ ಇತ್ತು. ಅಂಚಿನಲ್ಲಿ ಸಂದು ಮುಚ್ಚುವ ಹಳೇ ಸಿಲಿಕೋನ್ ಅಂಟು ಕೂಡ ಹಾಗೇ ಕೂತಿತ್ತು. ಅಂದರೆ ಆತ ಉಜ್ಜಿಯೇ ಇರಲಿಲ್ಲ, ಒರೆಸಿ ಬಣ್ಣ ಹೊಡೆದು ಹೋಗಿದ್ದ.

ಈ ಕೆಲಸದಲ್ಲಿ ಬಣ್ಣ ಹೊಡೆಯುವುದು ಕೊನೆಯ, ಸುಲಭದ ಭಾಗ. ಅದಕ್ಕೆ ಮುಂಚೆ ಸೋಪಿನ ಜಿಡ್ಡು, ಉಪ್ಪಿನ ಕಲೆ ಎಲ್ಲ ತೆಗೆಯಬೇಕು, ಸಿಲಿಕೋನನ್ನು ಚೂರೂ ಉಳಿಯದ ಹಾಗೆ ಕೆರೆಯಬೇಕು, ಒಡೆದ ಜಾಗಕ್ಕೆ ಪುಟ್ಟಿ ತುಂಬಿ ಸಮ ಮಾಡಬೇಕು. ಆಮೇಲೆ ಮೇಲ್ಮೈಯನ್ನು ಮರಳು ಕಾಗದದಿಂದ ಅಥವಾ ಆಸಿಡ್‌ನಿಂದ ಒರಟು ಮಾಡಬೇಕು, ಇಲ್ಲದಿದ್ದರೆ ಹೊಸ ಪದರಕ್ಕೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ನಂತರ ಪ್ರೈಮರ್ ಅಥವಾ ಅಂಟಿಸುವ ರಾಸಾಯನಿಕ, ಅದರ ಮೇಲೆ ತೆಳ್ಳಗೆ ಎರಡು ಮೂರು ಪದರ ಕೋಟಿಂಗ್. ಇಷ್ಟೂ ಸರಿಯಾಗಿ ಆದರೆ ಹತ್ತು ವರ್ಷ, ಒಮ್ಮೊಮ್ಮೆ ಅದಕ್ಕಿಂತ ಜಾಸ್ತಿ ಬಾಳುತ್ತದೆ.

ಹಾಗಾಗಿ ಕೆಲಸಗಾರನನ್ನು ಹುಡುಕುವಾಗ ಹೊಳಪಿನ ಫೋಟೋ ನೋಡಿ ಮರುಳಾಗಬೇಡಿ. ಎರಡು ಮೂರು ವರ್ಷದ ಹಿಂದೆ ಮಾಡಿದ ಕೆಲಸ ತೋರಿಸಿ ಅಂತ ಕೇಳಿ. ಸಾಧ್ಯವಾದರೆ ಆ ಮನೆಯವರ ಜೊತೆ ಒಂದು ಮಾತಾಡಿ, ಮೂಲೆಗಳಲ್ಲಿ, ತೂತಿನ ಸುತ್ತ ಎದ್ದಿದೆಯಾ ಅಂತ ವಿಚಾರಿಸಿ. ಆಮೇಲೆ ಒಂದೇ ಒಂದು ಪ್ರಶ್ನೆ: 'ಬಣ್ಣ ಹೊಡೆಯುವ ಮೊದಲು ಏನೇನು ಮಾಡ್ತೀರಿ?' ಕೆಲಸ ಬಲ್ಲವನು ಇದಕ್ಕೆ ಹತ್ತು ನಿಮಿಷ ಮಾತಾಡುತ್ತಾನೆ, ನಿಲ್ಲಿಸುವುದೇ ಕಷ್ಟ. 'ನಮ್ಮದು ಸ್ಪೆಷಲ್ ಮೆಟೀರಿಯಲ್ ಸಾರ್, ಏನೂ ಮಾಡೋದು ಬೇಕಿಲ್ಲ' ಅನ್ನುವವನಿಗೆ ನಮಸ್ಕಾರ ಹೇಳಿ ಕಳಿಸಿಬಿಡಿ.

ಅವನು ನಿಮಗೆ ಏನು ಕೇಳುತ್ತಾನೆ ಅನ್ನುವುದೂ ಅಷ್ಟೇ ಮುಖ್ಯ. ನಾನು ಎರಡನೇ ಸಲ ಕರೆಸಿದವನು ಜೇಬಿನಿಂದ ಒಂದು ಪುಟ್ಟ ಅಯಸ್ಕಾಂತ ತೆಗೆದು ಟಬ್‌ಗೆ ಹಿಡಿದು ನೋಡಿದ. ಅಂಟಿಕೊಂಡರೆ ಒಳಗೆ ಕಬ್ಬಿಣ ಅಥವಾ ಉಕ್ಕು, ಮೇಲೆ ಎನಾಮಲ್, ಅಂದರೆ ಗಾಜಿನಂಥ ಗಟ್ಟಿ ಲೇಪ. ಅಂಟದಿದ್ದರೆ ಹೆಚ್ಚಾಗಿ ಅಕ್ರಿಲಿಕ್ ಅಥವಾ ಫೈಬರ್‌ಗ್ಲಾಸ್. ಎರಡಕ್ಕೂ ತಯಾರಿ ಬೇರೆ ಬೇರೆ. ಆಮೇಲೆ ಟಬ್ ಒಳಗೆ ನಿಂತು ಕಾಲಿನಿಂದ ಒತ್ತಿ ತಳ ಬಾಗುತ್ತದಾ ನೋಡಿದ, ಏಕೆಂದರೆ ಬಾಗುವ ತಳದ ಮೇಲೆ ಎಂಥ ಕೋಟಿಂಗ್ ಹಾಕಿದರೂ ಬಿರುಕು ಬಿಡುತ್ತದೆ, ಮೊದಲು ಕೆಳಗೆ ಆಧಾರ ಕೊಡಬೇಕು. 'ಇದಕ್ಕೆ ಮುಂಚೆ ಕೋಟಿಂಗ್ ಆಗಿದೆಯಾ?' ಅಂತ ಕೇಳಿದ. ಆಗಿದ್ದರೆ, ಅದೂ ಎದ್ದು ಬರುತ್ತಿದ್ದರೆ, ಹಳೆಯದನ್ನು ಪೂರ್ತಿ ತೆಗೆಯದೆ ಹೊಸದು ನಿಲ್ಲುವುದಿಲ್ಲ. ಕೊನೆಗೆ ತೊಟ್ಟಿಕ್ಕುತ್ತಿದ್ದ ನಲ್ಲಿ ತೋರಿಸಿ, 'ಇದನ್ನ ರಿಪೇರಿ ಮಾಡಿಸಿ, ಆಮೇಲೆ ಕರೀರಿ' ಅಂದು ಹೊರಟುಬಿಟ್ಟ. ಸ್ವಲ್ಪ ಸಿಟ್ಟು ಬಂತು, ನಿಜ. ಆದರೆ ಒಣಗದ ಪದರದ ಮೇಲೆ ಹನಿ ಬಿದ್ದರೆ ಕೆಲಸ ಕೆಡುತ್ತದೆ ಅಲ್ವಾ? ವಾರದ ನಂತರ ಅವನನ್ನೇ ಕರೆದೆ.

ಆಗಲ್ಲ ಅನ್ನುವ ಧೈರ್ಯ ಇರುವವನು ಬೇಕು. ತೂತಿನ ಸುತ್ತ ತುಕ್ಕು ಹಿಡಿದು ಕಬ್ಬಿಣವೇ ತಿಂದುಹೋಗಿದ್ದರೆ ಟಬ್ ಬದಲಿಸುವುದೇ ಸರಿ. ಗೋಡೆಯ ಟೈಲ್ಸ್‌ಗೂ ಬಣ್ಣ ಹೊಡೆಸುವುದಿದ್ದರೆ ತಟ್ಟಿ ನೋಡಿ, ಟೊಳ್ಳು ಸದ್ದು ಬರುತ್ತಿದ್ದರೆ ಅವು ಗೋಡೆ ಬಿಟ್ಟಿವೆ, ಹಿಂದೆ ನೀರೂ ಇಳಿದಿರಬಹುದು. ಅದರ ಮೇಲೆ ಬಣ್ಣ ಹೊಡೆಯುವುದು ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗೆ.

ಈಗ ಎಲ್ಲರೂ ಹಾರಿಸಿಬಿಡುವ ವಿಷಯ: ಹೊಗೆ, ವಾಸನೆ, ವಿಷ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಹಳೇ ಕೋಟಿಂಗ್ ಕರಗಿಸಲು ಕೆಲವರು ಮಿಥಿಲೀನ್ ಕ್ಲೋರೈಡ್ ಇರುವ ಸ್ಟ್ರಿಪ್ಪರ್ ಬಳಸುತ್ತಿದ್ದರು. ಅದರ ಆವಿ ಗಾಳಿಗಿಂತ ಭಾರ, ಟಬ್ಬಿನ ಒಳಗೇ ನಿಲ್ಲುತ್ತದೆ, ಕೆಲಸಗಾರ ಬಗ್ಗಿ ಅದನ್ನೇ ಉಸಿರಾಡುತ್ತಾನೆ. ಅಮೆರಿಕದಲ್ಲಿ 2000ದಿಂದ 2011ರ ನಡುವೆ ಹೀಗೆ ಟಬ್ ಕೆಲಸ ಮಾಡುತ್ತಿದ್ದ 13 ಮಂದಿ ಸತ್ತಿದ್ದನ್ನು ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ದಾಖಲಿಸಿದೆ. ಸ್ಟ್ರಿಪ್ಪರ್ ಯಾವುದು ಅಂತ ಕೇಳಿ, ಈ ಹೆಸರು ಬಂದರೆ ಬೇಡ ಅನ್ನಿ. ಎನಾಮಲ್ ಒರಟು ಮಾಡಲು ಹೈಡ್ರೋಫ್ಲೋರಿಕ್ ಆಸಿಡ್ ಬಳಸುವವರೂ ಇದ್ದಾರೆ. ಅದು ಚರ್ಮದ ಆಳಕ್ಕೆ ಇಳಿದು ಸುಡುತ್ತದೆ. ಬಳಸುವವನ ಪೆಟ್ಟಿಗೆಯಲ್ಲಿ ಸುಟ್ಟ ಜಾಗಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇರಲೇಬೇಕು. ಇನ್ನು ಎರಡು ಭಾಗ ಬೆರೆಸಿ ಸ್ಪ್ರೇ ಮಾಡುವ ಯುರೆಥೇನ್ ಕೋಟಿಂಗ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಅದು ಆಸ್ತಮಾ ತರಿಸಬಲ್ಲದು. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು, ಕಿಟಕಿ ಮುಚ್ಚಿ ಸ್ಪ್ರೇ ಮಾಡಲು ಹೊರಟವನಿಗೆ ತನ್ನ ಶ್ವಾಸಕೋಶದ ಬಗ್ಗೆಯೇ ಕಾಳಜಿ ಇಲ್ಲ, ನಿಮ್ಮ ಮನೆಯ ಬಗ್ಗೆ ಇರುತ್ತದಾ? ಹೊರಗೆ ಗಾಳಿ ತಳ್ಳುವ ದೊಡ್ಡ ಫ್ಯಾನ್, ಪೈಪು, ಸರಿಯಾದ ರೆಸ್ಪಿರೇಟರ್ (ಆವಿ ಸೋಸುವ ಮುಖವಾಡ) ತರುತ್ತಾನಾ ಕೇಳಿ. ಮಕ್ಕಳು, ಗರ್ಭಿಣಿಯರು, ಉಬ್ಬಸ ಇರುವವರು, ಸಾಕುಪ್ರಾಣಿಗಳು ಆ ದಿನ ಬೇರೆ ಕಡೆ ಇರುವುದು ಒಳ್ಳೆಯದು.

ಇಂಥ ಕೋಟಿಂಗನ್ನು ಅಡುಗೆಮನೆಯಲ್ಲೂ ಹಾಕಿಸುತ್ತಾರೆ, ಆದರೆ ಅಲ್ಲಿನ ಲೆಕ್ಕವೇ ಬೇರೆ. ಲ್ಯಾಮಿನೇಟ್ (ಸನ್‌ಮೈಕಾದಂಥ ಹಾಳೆ ಅಂಟಿಸಿದ) ಕೌಂಟರ್‌ಟಾಪ್‌ಗೆ ಹೊಸ ಪದರ ಚೆನ್ನಾಗಿ ಹಿಡಿಯುತ್ತದೆ, ಆದರೆ ಒಲೆಯಿಂದ ಇಳಿಸಿದ ಪಾತ್ರೆ ಸೀದಾ ಇಟ್ಟರೆ, ಚಾಕು ಎಳೆದರೆ ಮುಗಿಯಿತು. ಇದನ್ನು ಕೆಲಸಗಾರನೇ ಮೊದಲು ಹೇಳಬೇಕು. ಕಪಾಟಿನ ಬಾಗಿಲುಗಳಲ್ಲಿ ದೊಡ್ಡ ಶತ್ರು ಎಣ್ಣೆ ಜಿಡ್ಡು, ಅದರಲ್ಲೂ ಹಿಡಿಕೆಯ ಸುತ್ತ. ನೀರು ಕುಡಿದು ಉಬ್ಬಿದ ಬಾಗಿಲನ್ನು ಬಣ್ಣ ಉಳಿಸುವುದಿಲ್ಲ, ಅದನ್ನು ಬದಲಿಸಿ. ಸಿಂಕ್ ಬಗ್ಗೆ ನನ್ನ ಮಾತು ಕೇಳಿದರೆ, ಬಿಟ್ಟುಬಿಡಿ. ದಿನಾ ಪಾತ್ರೆ ಬೀಳುವ, ಬಿಸಿನೀರು ಸುರಿಯುವ ಜಾಗ ಅದು.

ಕೊಟೇಶನ್ ಎರಡು ಮೂರು ಕಡೆ ತಗೊಳ್ಳಿ, ಕಾಗದದ ಮೇಲೆ. ತಯಾರಿಯ ಹಂತಗಳು, ಕೋಟಿಂಗ್ ಹೆಸರು, ಎಷ್ಟು ಪದರ, ಅಂಚಿಗೆ ಮತ್ತೆ ಸಿಲಿಕೋನ್ ಯಾರು ಹಾಕುತ್ತಾರೆ, ಎಲ್ಲ ಅದರಲ್ಲಿರಲಿ. ವಾರಂಟಿಯಲ್ಲಿ ಎಷ್ಟು ವರ್ಷ ಅನ್ನುವುದಕ್ಕಿಂತ ಮುಖ್ಯವಾಗಿ ಒಳಗಿನ ಸಾಲು ಓದಿ. ಪದರ ಎದ್ದು ಬಂದರೆ ಯಾರು ಬರುತ್ತಾರೆ, ಆ ಜಾಗಕ್ಕೆ ಮಾತ್ರ ತೇಪೆ ಹಾಕುತ್ತಾರಾ, ಪೂರ್ತಿ ಮಾಡುತ್ತಾರಾ? ನನ್ನ ಮೊದಲನೆಯವನು ಐದು ವರ್ಷದ ವಾರಂಟಿ ಬಾಯಲ್ಲೇ ಕೊಟ್ಟಿದ್ದ, ಎಂಟನೇ ತಿಂಗಳಿಗೆ ಫೋನೇ ಎತ್ತಲಿಲ್ಲ. ಪೂರ್ತಿ ಹಣ ಮೊದಲೇ ಕೊಡಬೇಡಿ.

ಮುಗಿದ ಮೇಲೆ 24ರಿಂದ 48 ಗಂಟೆ ನೀರು ಸೋಕಿಸಬೇಡಿ, ಎಷ್ಟು ಅಂತ ಅವನ ಬಾಯಿಂದಲೇ ಕೇಳಿ ಬರೆದಿಟ್ಟುಕೊಳ್ಳಿ. ಹೀರಿ ಅಂಟಿಕೊಳ್ಳುವ ರಬ್ಬರ್ ಮ್ಯಾಟ್ ಬೇಡ, ಎತ್ತುವಾಗ ಪದರವನ್ನೂ ಎಳೆದುಕೊಂಡು ಬರುತ್ತದೆ. ಒರಟು ಪುಡಿ, ಸ್ಟೀಲ್ ಸ್ಕ್ರಬರ್ ಕೂಡ ಬೇಡ.

ಬಾಕಿ ಹಣ ಕೊಡುವ ಮುಂಚೆ ದೀಪ ಆರಿಸಿ, ಟಾರ್ಚನ್ನು ಟಬ್ಬಿನ ಮೈಗೆ ಓರೆಯಾಗಿ ಹಿಡಿದು ನೋಡಿ. ನೇರ ಬೆಳಕಲ್ಲಿ ಕಾಣದ ಧೂಳಿನ ಕಣ, ಇಳಿದ ಬಣ್ಣದ ಗೆರೆ, ಕಿತ್ತಳೆ ಸಿಪ್ಪೆಯಂಥ ಒರಟು ಎಲ್ಲ ಆಗ ಕಾಣುತ್ತದೆ. ಮೂಲೆಗಳನ್ನು, ತೂತಿನ ಸುತ್ತಲ ಉಂಗುರವನ್ನು ಮರೆಯಬೇಡಿ, ನನ್ನದು ಎದ್ದಿದ್ದು ಅಲ್ಲಿಂದಲೇ.