ಕ್ರಿಸ್ಮಸ್ ಮರಕ್ಕೆ ಹೆಣೆದ ಕಾಗದದ ಹೃದಯ

ಡೆನ್ಮಾರ್ಕಿನ ಮನೆಗಳಲ್ಲಿ ಕ್ರಿಸ್ಮಸ್ ಮರದ ಕೊಂಬೆಗಳಿಗೆ ಎರಡು ಬಣ್ಣದ ಕಾಗದವನ್ನು ಒಂದರೊಳಗೊಂದು ಹೆಣೆದು ಮಾಡಿದ ಪುಟ್ಟ ಹೃದಯಗಳನ್ನು ತೂಗುಹಾಕುತ್ತಾರೆ. ಡೇನಿಷ್ ಭಾಷೆಯಲ್ಲಿ ಇದಕ್ಕೆ ಯೂಲೆಯೆರ್ಟೆ ಎಂದು ಹೆಸರು. ‘ಯೂಲ್’ ಎಂದರೆ ಕ್ರಿಸ್ಮಸ್, ‘ಯೆರ್ಟೆ’ ಎಂದರೆ ಹೃದಯ. ನೋಡುವುದಕ್ಕೆ ಇದು ಚೌಕಳಿ ಚಿತ್ತಾರದ ಚಪ್ಪಟೆ ಹೃದಯದಂತೆ ಕಂಡರೂ ನಿಜದಲ್ಲಿ ಬಾಯಿ ತೆರೆಯುವ ಒಂದು ಬುಟ್ಟಿ. ಡೆನ್ಮಾರ್ಕಿನವರು ಅದರೊಳಗೆ ಸಿಹಿ ತಿನಿಸುಗಳನ್ನೂ ಮಸಾಲೆ ಬೆರೆಸಿದ ಗೋಲಿಗಾತ್ರದ ಬಿಸ್ಕತ್ತುಗಳನ್ನೂ ತುಂಬಿಡುತ್ತಾರೆ. ಕಾಗದ, ಕತ್ತರಿ ಮತ್ತು ಸ್ವಲ್ಪ ಅಂಟು ಇದ್ದರೆ ಸಾಕು, ಒಂದು ಸಂಜೆಯಲ್ಲಿ ನಾಲ್ಕೈದನ್ನು ಮಾಡಬಹುದು. ಆದರೆ ಹೆಣೆಯುವ ಕ್ರಮದಲ್ಲಿ ಒಂದು ಗುಟ್ಟಿದೆ. ಅದು ತಿಳಿಯದೆ ಚಾಪೆ ಹೆಣೆದಂತೆ ಹೆಣೆದರೆ ಹೃದಯವೇನೋ ಸಿದ್ಧವಾಗುತ್ತದೆ, ಬಾಯಿ ಮಾತ್ರ ತೆರೆಯುವುದಿಲ್ಲ.

ಇಂದು ಉಳಿದಿರುವ ಇಂಥ ಹೃದಯಗಳಲ್ಲಿ ಅತ್ಯಂತ ಹಳೆಯದೆಂದು ತಿಳಿದಿರುವುದನ್ನು 1860ರಲ್ಲಿ ಮಾಡಿದವರು ಮಕ್ಕಳ ಕಥೆಗಳಿಂದ ಜಗತ್ತಿಗೆಲ್ಲ ಪರಿಚಿತರಾದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್. ಕತ್ತರಿ ಹಿಡಿದು ಕಾಗದದಲ್ಲಿ ಚಿತ್ರಗಳನ್ನು ಕತ್ತರಿಸುವುದರಲ್ಲಿ ಅವರದು ಪಳಗಿದ ಕೈ. ಹಳದಿ ಮತ್ತು ಹಸಿರು ಕಾಗದದ ಆ ಹೃದಯ ಅವರ ಹುಟ್ಟೂರಾದ ಓಡೆನ್ಸೆಯ ವಸ್ತುಸಂಗ್ರಹಾಲಯದಲ್ಲಿದೆ. ಇದನ್ನು ಮಾಡುವ ವಿಧಾನ 1871ರಲ್ಲಿ ಡೆನ್ಮಾರ್ಕಿನ ಮಹಿಳಾ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಕಿಂಡರ್‌ಗಾರ್ಟನ್ ಪದ್ಧತಿಯನ್ನು ಹುಟ್ಟುಹಾಕಿದ ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ ಮಕ್ಕಳ ಕೈಗೆ ಕೊಟ್ಟ ಕೆಲಸಗಳಲ್ಲಿ ಕಾಗದದ ಪಟ್ಟಿಗಳನ್ನು ಹೆಣೆಯುವುದೂ ಒಂದು. ಇಂದು ಹೆಚ್ಚಾಗಿ ಕಾಣುವುದು ಕೆಂಪು ಬಿಳುಪಿನ ಜೋಡಿ, ಅಂದರೆ ಡೆನ್ಮಾರ್ಕಿನ ಬಾವುಟದ ಬಣ್ಣ. ನಾನು ಇಲ್ಲಿ ಅದನ್ನೇ ಇಟ್ಟುಕೊಂಡು ವಿವರಿಸುತ್ತೇನೆ.

ಮೊದಲು ಕಾಗದದ ಆಯ್ಕೆ. ಸ್ಟೇಷನರಿ ಅಂಗಡಿಯಲ್ಲಿ ಗ್ಲೇಸ್ ಪೇಪರ್ ಎಂದು ಕೇಳಿದರೆ ಸಿಗುವ, ಒಂದು ಮುಖ ಮಾತ್ರ ಬಣ್ಣವಿರುವ ಹೊಳಪಿನ ಕಾಗದ ನೋಡಲು ಚೆನ್ನಾಗಿರುತ್ತದೆ ಮತ್ತು ಹೆಣೆಯುವಾಗ ಪಟ್ಟಿಗಳು ಸಲೀಸಾಗಿ ಜಾರುತ್ತವೆ. ಆದರೆ ತೆಳ್ಳಗಿರುವುದರಿಂದ ಹೊಸಬರ ಕೈಯಲ್ಲಿ ಬೇಗ ಹರಿಯುತ್ತದೆ. ಮೊದಲ ಪ್ರಯತ್ನಕ್ಕೆ 80ರಿಂದ 100 ಜಿ.ಎಸ್.ಎಂ. (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಮ್‌ಗಳಲ್ಲಿ) ದಪ್ಪದ, ಎರಡೂ ಕಡೆ ಬಣ್ಣವಿರುವ ಎ4 ಹಾಳೆ ಒಳ್ಳೆಯದು. ಚಾರ್ಟ್ ಪೇಪರ್ ಬೇಡ. ಅದು ಮಡಿಸಿದಲ್ಲಿ ಬಿರುಕು ಬಿಡುತ್ತದೆ, ಕೊನೆಯ ಪಟ್ಟಿಯನ್ನು ತೂರಿಸುವಾಗ ಬಾಗುವುದೂ ಇಲ್ಲ. ಸುದ್ದಿಪತ್ರಿಕೆಯ ಕಾಗದ ತೀರ ಬಳುಕುವುದರಿಂದ ಅಭ್ಯಾಸಕ್ಕೂ ಆಗದು.

ಕೆಂಪು ಹಾಳೆಯಿಂದ 8 ಸೆಂ.ಮೀ. ಅಗಲ, 24 ಸೆಂ.ಮೀ. ಉದ್ದದ ಒಂದು ತುಂಡನ್ನೂ, ಬಿಳಿ ಹಾಳೆಯಿಂದ ಅದೇ ಅಳತೆಯ ಇನ್ನೊಂದು ತುಂಡನ್ನೂ ಕತ್ತರಿಸಿಕೊಳ್ಳಿ. ಒಂದು ಎ4 ಹಾಳೆಯಲ್ಲಿ ಇಂಥ ಎರಡು ತುಂಡುಗಳು ಬರುತ್ತವೆ. ಪಕ್ಕದಲ್ಲಿ ಉಳಿಯುವ 5 ಸೆಂ.ಮೀ. ಅಂಚನ್ನು ಎಸೆಯಬೇಡಿ, ಹಿಡಿಕೆಗೆ ಅದೇ ಬೇಕು. ಪ್ರತಿ ತುಂಡನ್ನೂ ಬಣ್ಣದ ಮುಖ ಹೊರಗೆ ಬರುವಂತೆ, ಉದ್ದ ಸರಿಯಾಗಿ ಅರ್ಧವಾಗುವ ಹಾಗೆ ಮಡಿಸಿ. ಈಗ ನಿಮ್ಮ ಮುಂದೆ 8 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದದ ಎರಡು ಪದರದ ತುಂಡುಗಳಿರುತ್ತವೆ. ಮಡಿಕೆಯನ್ನು ಉಗುರಿನಿಂದ ಒತ್ತಿ ಗಟ್ಟಿ ಮಾಡಿ.

ಮಡಿಕೆಯ ಅಂಚಿನಿಂದ 8 ಸೆಂ.ಮೀ. ದೂರದಲ್ಲಿ ಪೆನ್ಸಿಲಿನಿಂದ ತೆಳುವಾಗಿ ಒಂದು ಅಡ್ಡಗೆರೆ ಎಳೆಯಿರಿ. ಗೆರೆಯ ಒಂದು ಬದಿಯಲ್ಲಿ, ಮಡಿಕೆಯ ಕಡೆಗೆ, ಚೌಕ. ಇನ್ನೊಂದು ಬದಿಯಲ್ಲಿ 4 ಸೆಂ.ಮೀ. ಉಳಿಕೆ. ಗೆರೆಯ ನಡುಬಿಂದುವಿನ ಮೇಲೆ ಕೈವಾರದ ಮೊನೆಯಿಟ್ಟು 4 ಸೆಂ.ಮೀ. ತ್ರಿಜ್ಯದ ಅರ್ಧವೃತ್ತವನ್ನು ಆ ಉಳಿಕೆಯ ಮೇಲೆ ಬರೆದು, ಎರಡೂ ಪದರಗಳನ್ನು ಒಟ್ಟಿಗೆ ಹಿಡಿದು ಅದರಂತೆ ಕತ್ತರಿಸಿ. ಕೈವಾರವಿಲ್ಲದಿದ್ದರೆ 8 ಸೆಂ.ಮೀ. ಬಾಯಿಯ ಲೋಟವನ್ನೋ ಡಬ್ಬಿಯ ಮುಚ್ಚಳವನ್ನೋ ಕವುಚಿಟ್ಟು ಗೀಚಿಕೊಳ್ಳಬಹುದು. ಈ ದುಂಡು ತುದಿಗಳೇ ಮುಂದೆ ಹೃದಯದ ಎರಡು ಮೇಲ್ಗಮಾನುಗಳಾಗುತ್ತವೆ.

ಇನ್ನು ಸೀಳುಗಳು. ಮಡಿಕೆಯ ಅಂಚಿನಲ್ಲಿ 2, 4 ಮತ್ತು 6 ಸೆಂ.ಮೀ.ಗೆ ಗುರುತು ಹಾಕಿ, ಅಲ್ಲಿಂದ ದುಂಡು ತುದಿಯತ್ತ ನೇರವಾಗಿ ಮೂರು ಸೀಳುಗಳನ್ನು ಕತ್ತರಿಸಿದರೆ 2 ಸೆಂ.ಮೀ. ಅಗಲದ ನಾಲ್ಕು ಪಟ್ಟಿಗಳಾಗುತ್ತವೆ. ಸೀಳು ಎಷ್ಟು ಉದ್ದವಿರಬೇಕು ಎಂಬುದರ ಮೇಲೆ ಇಡೀ ಕೆಲಸ ನಿಂತಿದೆ. ಲೆಕ್ಕದ ಪ್ರಕಾರ 8 ಸೆಂ.ಮೀ. ಸಾಕೆನಿಸುತ್ತದೆ, ಆದರೆ ಕಾಗದಕ್ಕೂ ದಪ್ಪವಿದೆ, ಒಂದು ಪಟ್ಟಿ ಇನ್ನೊಂದನ್ನು ಸುತ್ತಿ ಬರುವಾಗ ಆ ದಪ್ಪ ಜಾಗ ತಿನ್ನುತ್ತದೆ. ನಾನು ಮಾಡಿದ ಮೊದಲ ಎರಡು ಹೃದಯಗಳು ನಾಲ್ಕನೆಯ ಪಟ್ಟಿಯನ್ನು ಎಳೆಯುವಾಗ ಸೀಳಿನ ಬುಡದಲ್ಲೇ ಹರಿದವು, ಏಕೆಂದರೆ ನಾನು ಪೆನ್ಸಿಲ್ ಗೆರೆಗೇ ಸರಿಯಾಗಿ ಕತ್ತರಿ ನಿಲ್ಲಿಸಿದ್ದೆ. ಗೆರೆಯನ್ನು ದಾಟಿ 3 ಮಿ.ಮೀ.ನಷ್ಟು ಹೆಚ್ಚಾಗಿ ಸೀಳಿದರೆ ಈ ತೊಂದರೆ ಇರುವುದಿಲ್ಲ. 5 ಮಿ.ಮೀ.ಗಿಂತ ಹೆಚ್ಚಾದರೆ ಮೇಲ್ಭಾಗದಲ್ಲಿ ಸಂದು ಬಿಟ್ಟು ಕಾಣುತ್ತದೆ.

ಹೆಣೆಯಲು ಕೂರುವಾಗ ಕೆಂಪು ತುಂಡನ್ನು ಎಡಗೈಯಲ್ಲಿಯೂ ಬಿಳಿ ತುಂಡನ್ನು ಬಲಗೈಯಲ್ಲಿಯೂ ಹಿಡಿಯಿರಿ. ದುಂಡು ತುದಿಗಳು ಮೇಲಕ್ಕೆ ಹೊರಬದಿಗೆ ವಾಲಿರಲಿ, ಪಟ್ಟಿಗಳ ಮಡಿಕೆಗಳು ಕೆಳಗೆ ನಡುವಿನತ್ತ ಓರೆಯಾಗಿ ಮುಖ ಮಾಡಿರಲಿ. ಎರಡೂ ತುಂಡುಗಳಲ್ಲಿ ಮೇಲಿನ ಪಟ್ಟಿಯನ್ನು, ಅಂದರೆ ಹೃದಯದ ಮೇಲಿನ ಕವಲಿಗೆ ಹತ್ತಿರವಾಗುವುದನ್ನು, ಒಂದನೆಯದೆಂದು ಎಣಿಸಿ. ಗೊಂದಲವಾಗುವುದಾದರೆ ಅಭ್ಯಾಸದ ಕಾಗದದಲ್ಲಿ ಪೆನ್ಸಿಲಿನಿಂದ ಅಂಕಿಗಳನ್ನು ಬರೆದುಕೊಳ್ಳಿ.

ಗುಟ್ಟು ಇರುವುದು ಇಲ್ಲಿ. ಚಾಪೆಯಲ್ಲಿ ಒಂದು ಎಳೆ ಇನ್ನೊಂದರ ಮೇಲೆ ಹಾದು ಮುಂದಿನದರ ಕೆಳಗೆ ಹೋಗುತ್ತದೆ. ಈ ಹೃದಯದಲ್ಲಿ ಮೇಲೆ ಕೆಳಗೆ ಎಂಬ ಮಾತೇ ಇಲ್ಲ. ಪ್ರತಿ ಪಟ್ಟಿಯೂ ಎರಡು ಪದರದ್ದಾಗಿರುವುದರಿಂದ ಅದು ಇನ್ನೊಂದು ಪಟ್ಟಿಯ ಎರಡು ಪದರಗಳ ನಡುವೆ ತೂರಿ ಹೋಗಬೇಕು, ಇಲ್ಲವೇ ತಾನೇ ಬಾಯಿ ತೆರೆದು ಇನ್ನೊಂದನ್ನು ಒಳಗೆ ಬಿಟ್ಟುಕೊಳ್ಳಬೇಕು. ಬಿಳಿ ಒಂದನೆಯ ಪಟ್ಟಿಯ ಮಡಿಸಿದ ತುದಿಯನ್ನು ಕೆಂಪು ಒಂದನೆಯ ಪಟ್ಟಿಯ ಪದರಗಳ ನಡುವೆ ತೂರಿಸಿ ಆಚೆಗೆ ತೆಗೆಯಿರಿ. ಈಗ ಅದೇ ಬಿಳಿ ಪಟ್ಟಿಯ ಪದರಗಳನ್ನು ಬೆರಳಿನಿಂದ ಬಿಡಿಸಿ, ಕೆಂಪು ಎರಡನೆಯ ಪಟ್ಟಿಯ ತುದಿಯನ್ನು ಅದರೊಳಗಿನಿಂದ ಹಾಯಿಸಿ. ಬಿಳಿ ಪಟ್ಟಿ ಮತ್ತೆ ಕೆಂಪು ಮೂರನೆಯದರ ಒಳಗೆ ತೂರಲಿ, ಕೊನೆಗೆ ಕೆಂಪು ನಾಲ್ಕನೆಯದು ಬಿಳಿ ಪಟ್ಟಿಯ ಒಳಗೆ ಬರಲಿ. ಒಂದು ಸಾಲು ಮುಗಿಯಿತು. ಹೆಣೆದ ಬಿಳಿ ಪಟ್ಟಿಯನ್ನು ಕೆಂಪು ಸೀಳುಗಳ ಬುಡದವರೆಗೆ ಮೆಲ್ಲಗೆ ಮೇಲಕ್ಕೆ ಸರಿಸಿ. ಸರಿಸದೆ ಮುಂದುವರಿದರೆ ಉಳಿದ ಸಾಲುಗಳಿಗೆ ಜಾಗ ಸಾಲದು.

ಬಿಳಿ ಎರಡನೆಯ ಪಟ್ಟಿಯದು ಇದಕ್ಕೆ ತದ್ವಿರುದ್ಧ ಕ್ರಮ. ಅದು ಮೊದಲು ಕೆಂಪು ಒಂದನೆಯದನ್ನು ತನ್ನೊಳಗೆ ಬಿಟ್ಟುಕೊಂಡು, ಎರಡನೆಯದರ ಒಳಗೆ ತೂರಿ, ಮೂರನೆಯದನ್ನು ಒಳಗೆ ಬಿಟ್ಟುಕೊಂಡು, ನಾಲ್ಕನೆಯದರ ಒಳಗೆ ತೂರುತ್ತದೆ. ಮೂರನೆಯದು ಒಂದನೆಯದರಂತೆ, ನಾಲ್ಕನೆಯದು ಎರಡನೆಯದರಂತೆ.

ನಾಲ್ಕನೆಯ ಪಟ್ಟಿಗೆ ಬರುವ ಹೊತ್ತಿಗೆ ಕೆಂಪು ಪಟ್ಟಿಗಳ ತುದಿಯಲ್ಲಿ ಉಳಿದಿರುವುದು ಮಡಿಕೆಯ ಪುಟ್ಟ ಕೊಕ್ಕೆಯಷ್ಟೇ, ಅದರಲ್ಲೇ ಈ ಪಟ್ಟಿ ಹಾಯಬೇಕು. ಇಲ್ಲಿ ಅವಸರ ಮಾಡಬಾರದು. ಹೆಣೆದ ಮೂರು ಸಾಲುಗಳನ್ನೂ ಇನ್ನೊಮ್ಮೆ ಮೇಲಕ್ಕೆ ಒತ್ತಿ, ಬಿಳಿ ಪಟ್ಟಿಯ ತುದಿಯನ್ನು ಉದ್ದಕ್ಕೆ ಸ್ವಲ್ಪ ಡೊಂಕು ಮಾಡಿ ಕಿರಿದಾಗಿಸಿ ತೂರಿಸಿ. ಬೆರಳು ಹೋಗದ ಕಡೆ ಮೊಂಡು ಮೊನೆಯ ಹೆಣಿಗೆ ಕಡ್ಡಿಯಿಂದ ಪದರಗಳನ್ನು ಬಿಡಿಸಬಹುದು. ತುದಿ ಹಿಡಿದು ಜಗ್ಗಿದರೆ ಹರಿಯುವುದು ಬಹುಮಟ್ಟಿಗೆ ಖಚಿತ. ಪಟ್ಟಿಯನ್ನು ಎರಡೂ ಕಡೆಯಿಂದ ಹಿಡಿದು ಒಂದೊಂದು ಮಿಲಿಮೀಟರಿನಂತೆ ಜಾರಿಸುವುದೇ ಸರಿ. ಕೊನೆಯ ಕೆಂಪು ಪಟ್ಟಿಯನ್ನು ದಾಟಿದ ಕ್ಷಣದಲ್ಲಿ, ಅದುವರೆಗೆ ಕೈಯಲ್ಲಿ ಅತ್ತಿತ್ತ ಹೊಯ್ದಾಡುತ್ತಿದ್ದ ಹೆಣಿಗೆ ಒಮ್ಮೆಗೇ ಬಿಗಿಯಾಗಿ ನಿಂತು, ಹದಿನಾರು ಮನೆಗಳ ಚೌಕಳಿ ಸ್ಪಷ್ಟವಾಗಿ ಮೂಡುತ್ತದೆ. ಎಷ್ಟು ಸಲ ಮಾಡಿದರೂ ನನಗೆ ಆ ಕ್ಷಣದ ಸಂತೋಷ ಕಡಿಮೆಯಾಗಿಲ್ಲ.

ಮೇಲಿನ ಕವಲಿನಲ್ಲಿ ಎರಡು ಹೆಬ್ಬೆರಳುಗಳನ್ನಿಟ್ಟು ಮೆಲ್ಲಗೆ ಅಗಲಿಸಿ ನೋಡಿ. ಬುಟ್ಟಿಯಂತೆ ತೆರೆದುಕೊಂಡರೆ ಕೆಲಸ ಸರಿಯಾಗಿದೆ. ಎಲ್ಲೋ ಹಿಡಿದುಕೊಂಡರೆ ಒಂದು ಪಟ್ಟಿ ಪದರಗಳ ನಡುವೆ ತೂರುವ ಬದಲು ಹೊರಗಿನಿಂದ ಹಾದಿದೆ ಎಂದರ್ಥ. ಹೃದಯವನ್ನು ತಿರುಗಿಸಿ ಹಿಂಬದಿಯನ್ನು ನೋಡಿದರೆ ಒಂದೇ ಬಣ್ಣದ ಎರಡು ಮನೆಗಳು ಅಕ್ಕಪಕ್ಕ ಬಂದಿರುವ ಜಾಗ ಕಾಣುತ್ತದೆ. ಅಲ್ಲಿಯವರೆಗೆ ಬಿಚ್ಚಿ ಮತ್ತೆ ಹೆಣೆಯಬೇಕು. ಚಿಕ್ಕ ಮಕ್ಕಳಿಗೆ ಕಲಿಸುವಾಗ ನಡುವೆ ಒಂದೇ ಸೀಳು ಹಾಕಿ, ಎರಡೆರಡು ಪಟ್ಟಿಗಳಿಂದ ಆರಂಭಿಸುವುದು ಲೇಸು.

ಹಿಡಿಕೆಗೆ ಉಳಿಸಿಕೊಂಡ ಅಂಚಿನಿಂದ ಒಂದೂವರೆ ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದದ ಪಟ್ಟಿಯನ್ನು ಕತ್ತರಿಸಿ, ಒಂದು ತುದಿಯನ್ನು ಕವಲಿನ ಬಳಿ ಮುಂಗೋಡೆಯ ಒಳಮುಖಕ್ಕೂ ಇನ್ನೊಂದನ್ನು ಹಿಂಗೋಡೆಯ ಒಳಮುಖಕ್ಕೂ 2 ಸೆಂ.ಮೀ.ನಷ್ಟು ಒಳಗಿಳಿಸಿ ಅಂಟಿಸಿ. ಎರಡು ತುದಿಗಳನ್ನೂ ಒಂದೇ ಗೋಡೆಗೆ ಅಂಟಿಸಿದರೆ ತೂಗುಹಾಕಿದಾಗ ಬುಟ್ಟಿ ಒಂದು ಕಡೆ ವಾಲುತ್ತದೆ. ನೀರಾದ ಗೋಂದು ತೆಳುಕಾಗದವನ್ನು ಸುಕ್ಕುಗಟ್ಟಿಸುವುದರಿಂದ ಗ್ಲೂ ಸ್ಟಿಕ್ ಉತ್ತಮ. ಮೈದಾ ಅಂಟನ್ನು ಬಳಸುವುದಾದರೆ ಗಟ್ಟಿಯಾಗಿ ಕಾಯಿಸಿ ತೆಳ್ಳಗೆ ಸವರಿ. ಒಣಗಲು ಒಂದು ಗಂಟೆಯಾದರೂ ಬಿಡಿ.

ನಮ್ಮಲ್ಲಿ ಅನೇಕ ಮನೆಗಳು ಕ್ರಿಸ್ಮಸ್ ಮರವಾಗಿ ನಿಲ್ಲಿಸುವುದು ಸರ್ವೆಯ ಕೊಂಬೆಯನ್ನು, ಕರಾವಳಿಯವರು ಗಾಳಿ ಮರ ಎನ್ನುವುದನ್ನು. ಅದರ ಸೂಜಿಯಂಥ ಎಳೆಗಳು ಗಾಜಿನ ಗುಂಡನ್ನಾಗಲಿ ಭಾರದ ಗಂಟೆಯನ್ನಾಗಲಿ ಹೊರಲಾರದೆ ಜೋತುಬೀಳುತ್ತವೆ. ಕಾಗದದ ಹೃದಯಕ್ಕೆ ಅಂಥ ಭಾರವಿಲ್ಲ. ಆದರೂ ಏನಾದರೂ ತುಂಬಿಸುವುದಿದ್ದರೆ ಕಾಂಡಕ್ಕೆ ಹತ್ತಿರ, ಟಿಸಿಲೊಡೆದ ಗಟ್ಟಿ ಕಡ್ಡಿಯ ಬುಡದಲ್ಲಿ ಹಿಡಿಕೆಯನ್ನು ಸಿಕ್ಕಿಸಿ. ಡೆನ್ಮಾರ್ಕಿನಲ್ಲಿ ಮರಕ್ಕೆ ನಿಜವಾದ ಮೇಣದಬತ್ತಿ ಹಚ್ಚುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ. ಒಣಗಿದ ಸರ್ವೆಯ ಕೊಂಬೆ ಮತ್ತು ಕಾಗದ ಇರುವಲ್ಲಿ ಅದನ್ನು ಖಂಡಿತ ಅನುಸರಿಸಬಾರದು. ಎಲ್‌ಇಡಿ ದೀಪದ ಸರವೇ ಸಾಕು.

ತುಂಬಿಸಲು ಮಂಗಳೂರಿನ ಕುಸ್ವಾರಿನಲ್ಲಿ, ಅಂದರೆ ಅಲ್ಲಿನ ಕ್ರೈಸ್ತರು ಕ್ರಿಸ್ಮಸ್ಸಿಗೆ ಮಾಡುವ ಬಗೆಬಗೆಯ ತಿನಿಸುಗಳಲ್ಲಿ, ಬರುವ ಕಿಡಿಯೊಗಿಂತ ಹೊಂದುವ ತಿನಿಸು ನನಗೆ ತೋರದು. ಬಾಚಣಿಗೆಯ ಹಲ್ಲಿನ ಮೇಲೆ ಸುರುಳಿ ಸುತ್ತಿ ಕರಿದ ಆ ಪುಟ್ಟ ಸಿಹಿಗಳು ಐದಾರು ಈ ಬುಟ್ಟಿಯಲ್ಲಿ ಸುಖವಾಗಿ ಕೂರುತ್ತವೆ. ಎಣ್ಣೆಯ ಕಲೆ ಹತ್ತದಂತೆ ಒಳಗೆ ಬಟರ್ ಪೇಪರಿನ ಚೂರೊಂದನ್ನು ಹಾಸಿ, ಇರುವೆಗಳಿಗೆ ಅವಕಾಶ ಕೊಡದಂತೆ 24ರ ಸಂಜೆಯೇ ತುಂಬಿಸಿ. ಹಬ್ಬ ಕಳೆದ ಮೇಲೆ ಬುಟ್ಟಿಯನ್ನು ಖಾಲಿ ಮಾಡಿ, ಹೃದಯವನ್ನು ಮತ್ತೆ ಚಪ್ಪಟೆ ಮಾಡಿ, ಹಳೆಯ ನೋಟ್‌ಬುಕ್ಕಿನ ಹಾಳೆಗಳ ನಡುವೆ ಇರಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ಮುಚ್ಚಿಟ್ಟರೆ ಮಳೆಗಾಲದ ತೇವ ತಟ್ಟದೆ ಮುಂದಿನ ಡಿಸೆಂಬರಿಗೂ ಉಳಿಯುತ್ತದೆ.